ಒಂಬತ್ತು ನಿಮಿಷ ಆಡಿಸಿ ಗೋಲು ಕೇಳುವ ಮಹಾಶಯರಿಗೆ

ಉತ್ತರ ಅಮೆರಿಕದ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನ 32 ತಂಡಗಳಿಗೆ ಆಟಗಾರರನ್ನು ಆರಿಸುವ ಜನರಲ್ ಮ್ಯಾನೇಜರ್‌ಗಳಿಗೆ ಒಂದು ಬಹಿರಂಗ ಪತ್ರ.

ನಮಸ್ಕಾರ.

ನಿಮ್ಮಲ್ಲಿ ಒಬ್ಬರಿಗೂ ಕನ್ನಡ ಬಾರದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದಿದ್ದರೂ ನಿಮ್ಮ ಕಚೇರಿಯ ಯಾರೋ ಕಿರಿಯ ಸಿಬ್ಬಂದಿ ‘ತಮ್ಮ ಅಭಿಮಾನಕ್ಕೆ ಕೃತಜ್ಞತೆಗಳು’ ಎಂದು ಎರಡು ಸಾಲು ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಕನ್ನಡದಲ್ಲಾದರೆ ಟೊರಾಂಟೊದಲ್ಲೋ ಡೆಟ್ರಾಯಿಟ್‌ನಲ್ಲೋ ಭಾನುವಾರ ಬೆಳಗಿನ ಆರು ಗಂಟೆಗೆ ಮಕ್ಕಳನ್ನು ರಿಂಕಿಗೆ ಇಳಿಸಿ, ಕೈ ಉಜ್ಜಿಕೊಳ್ಳುತ್ತ ಬೆಂಚಿನ ಮೇಲೆ ಕೂರುವ ನಮ್ಮವರು ನಾಲ್ಕು ಜನರಾದರೂ ಓದುತ್ತಾರೆ. ಟಿಕೆಟ್ ಕೊಳ್ಳುವವರೂ ಅವರೇ. ಹಾಗಾಗಿ ಪತ್ರ ನಿಮಗೆ, ಓದು ಅವರಿಗೆ.

ವಿಷಯಕ್ಕೆ ಬರುತ್ತೇನೆ. 2018-19ರ ಋತುವಿನಲ್ಲಿ ನ್ಯೂಯಾರ್ಕ್ ರಾಜ್ಯದ ನಮ್ಮೂರಿನ ಸಿರಾಕ್ಯೂಸ್ ಕ್ರಂಚ್ ತಂಡದಲ್ಲಿ ಕಾರ್ಟರ್ ವರ್ಹೇಗಿ ಮತ್ತು ಅಲೆಕ್ಸ್ ಬಾರೆ-ಬುಲೆ ಎಂಬ ಇಬ್ಬರು ಫಾರ್ವರ್ಡ್ ಆಟಗಾರರಿದ್ದರು. ಇಬ್ಬರೂ ಆ ವರ್ಷ ತಲಾ 34 ಗೋಲು ಹೊಡೆದರು. ಎನ್‌ಎಚ್‌ಎಲ್‌ನ ಕೆಳಗಿನ ಮೆಟ್ಟಿಲಾದ ಇಡೀ ಅಮೆರಿಕನ್ ಹಾಕಿ ಲೀಗಿನಲ್ಲಿ (ಎಎಚ್‌ಎಲ್) ಅದಕ್ಕಿಂತ ಹೆಚ್ಚು ಹೊಡೆದವರಿರಲಿಲ್ಲ. ವರ್ಹೇಗಿ 82 ಪಾಯಿಂಟ್ (ಗೋಲು ಮತ್ತು ಅಸಿಸ್ಟ್, ಅಂದರೆ ಗೋಲಿಗೆ ನೆರವಾದ ಪಾಸ್, ಎರಡರ ಮೊತ್ತ) ಗಳಿಸಿ ಲೀಗಿಗೇ ಮೊದಲಿಗರಾದರು; ಬಾರೆ-ಬುಲೆ ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಪಡೆದರು. ಒಂದೇ ತಂಡ, ಒಂದೇ ರಿಂಕ್, ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಗೋಲು. ಇಂದು ಒಬ್ಬರ ಹೆಸರು ಎನ್‌ಎಚ್‌ಎಲ್‌ನ ಪರಮ ಪ್ರಶಸ್ತಿಯಾದ ಸ್ಟಾನ್ಲಿ ಕಪ್ಪನ್ನು ಎರಡು ಬಾರಿ ಗೆದ್ದ ಫ್ಲಾರಿಡಾ ಪ್ಯಾಂಥರ್ಸ್ ಚರಿತ್ರೆಯಲ್ಲಿದೆ. ಇನ್ನೊಬ್ಬರು ತಂಡದಿಂದ ತಂಡಕ್ಕೆ ಪೆಟ್ಟಿಗೆ ಹೊತ್ತರು. ಈ ವ್ಯತ್ಯಾಸ ಪ್ರತಿಭೆಯದು ಎಂದು ನೀವು ಹೇಳುತ್ತೀರಿ. ನಾನು ಅದನ್ನು ಒಪ್ಪುವುದಕ್ಕೆ ಮೊದಲು ಪರೀಕ್ಷೆ ನಡೆದ ರೀತಿಯನ್ನೇ ಪ್ರಶ್ನಿಸಬೇಕಾಗಿದೆ.

ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಸ್ವಲ್ಪ ವಿವರಣೆ. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಎನ್‌ಎಚ್‌ಎಲ್. ಅದರ ಕೆಳಗಿನ ಮೆಟ್ಟಿಲು 1936ರಲ್ಲಿ ಶುರುವಾದ ಎಎಚ್‌ಎಲ್. ಮೇಲೆ 32 ತಂಡ, ಕೆಳಗೂ 32. ಮೇಲಿನ ಪ್ರತಿಯೊಂದಕ್ಕೂ ಕೆಳಗೊಂದು ಜೊತೆ. ಸಿರಾಕ್ಯೂಸಿನ ಹುಡುಗರು ಟ್ಯಾಂಪಾ ಬೇ ತಂಡದವರು, ಪೆನ್ಸಿಲ್ವೇನಿಯಾದ ಚಾಕೊಲೇಟ್ ಊರು ಹರ್ಷಿಯ ಹುಡುಗರು ವಾಷಿಂಗ್ಟನ್‌ನವರು. ಮೇಲೆ ಯಾರಿಗಾದರೂ ಗಾಯವಾದರೆ ಕೆಳಗಿನವನಿಗೆ ಕರೆ ಹೋಗುತ್ತದೆ. ರಾತ್ರೋರಾತ್ರಿ ವಿಮಾನ ಹತ್ತುತ್ತಾನೆ. ಗಾಯ ವಾಸಿಯಾದರೆ ಮತ್ತೆ ಕೆಳಗೆ. ಕೆಳಗಿನ ಜೀವನವೆಂದರೆ ಶುಕ್ರವಾರ, ಶನಿವಾರ, ಭಾನುವಾರ ಸಾಲಾಗಿ ಮೂರು ಪಂದ್ಯ, ನಡುವೆ ಬಸ್ಸಿನಲ್ಲಿ ನಿದ್ದೆ. ಮೇಲೆ 2025-26ರಲ್ಲಿ ಕನಿಷ್ಠ ಸಂಬಳವೇ 7,75,000 ಡಾಲರ್. ಎರಡು ಲೀಗಿಗೆ ಎರಡು ಸಂಬಳ ನಮೂದಿಸಿದ ಒಪ್ಪಂದಕ್ಕೆ ಸಹಿ ಹಾಕಿದವನಿಗೆ ಮೇಲೆ ಕಳೆದ ಒಂದೊಂದು ದಿನದ ಬೆಲೆಯೂ ಬೇರೆ.

ಈಗ ನೀವು ಪರೀಕ್ಷೆ ಎಂದು ಕರೆಯುವ ಕ್ರಮವನ್ನು ನೋಡೋಣ.

ಸಿರಾಕ್ಯೂಸಿನ ವಾರ್ ಮೆಮೊರಿಯಲ್ ಅಂಗಣ 1951ರದು. ಚಿಕ್ಕದು, ಎತ್ತರದ ಸಾಲಿನಲ್ಲಿ ಕುಳಿತರೂ ಸ್ಕೇಟಿನ ಅಲಗು ಮಂಜುಗಡ್ಡೆಯನ್ನು ಕೆರೆಯುವ ಸದ್ದು ಕಿವಿಗೆ ಬೀಳುತ್ತದೆ. ಎದುರಾಳಿಯೊಬ್ಬ ದಂಡನೆಗೆ ಒಳಗಾಗಿ ಎರಡು ನಿಮಿಷ ಹೊರಗೆ ಕುಳಿತನೆಂದರೆ ನಮ್ಮವರಿಗೆ ಪವರ್ ಪ್ಲೇ. ಗೋಲು ಹೊಡೆಯುವವನು ಬದಿಯ ಬೋರ್ಡಿಗೆ ಬೆನ್ನು ಕೊಟ್ಟು, ಮಂಜುಗಡ್ಡೆಯ ಮೇಲೆ ಬರೆದ ವೃತ್ತದ ಅಂಚಿನಲ್ಲಿ ನಿಲ್ಲುತ್ತಾನೆ. ಪಕ್, ಅಂದರೆ ಈ ಆಟದಲ್ಲಿ ಚೆಂಡಿನ ಬದಲಿರುವ ರಬ್ಬರ್ ಬಿಲ್ಲೆ, ಅವನ ಕೋಲಿಗೆ ಬರುತ್ತದೆ. ತಲೆ ಎತ್ತಿ ನೋಡುತ್ತಾನೆ. ಎದುರಿನ ಡಿಫೆನ್ಸ್ ಆಟಗಾರ ಅರ್ಧ ಹೆಜ್ಜೆ ಮುಂದಿಟ್ಟರೆ ಅವನ ಕೋಲಿನಡಿಯಿಂದ ಆಚೆ ವೃತ್ತಕ್ಕೆ ಪಾಸ್. ಹೆಜ್ಜೆ ಇಡದಿದ್ದರೆ ಮಣಿಕಟ್ಟು ತಿರುಗಿಸಿ ಗೋಲ್‌ಕೀಪರ್‌ನ ಭುಜದ ಮೇಲಿನ ಸಂದಿಗೆ ಹೊಡೆತ. ಅವನ ವಿದ್ಯೆಯೆಲ್ಲ ಆ ಒಂದೂವರೆ ಕ್ಷಣದ ಕಾಯುವಿಕೆಯಲ್ಲಿದೆ. ಬಾರೆ-ಬುಲೆಯವರಂಥವರು ವರ್ಷಕ್ಕೆ ಮೂವತ್ತು ಗೋಲು ಮಾಡುವುದು ಆ ಜಾಗದಲ್ಲಿ, ಆ ಕಾಯುವಿಕೆಯಿಂದ.

ಅಂಥವನನ್ನು ಮೇಲಕ್ಕೆ ಕರೆದ ರಾತ್ರಿಯನ್ನು ಟಿವಿಯಲ್ಲಿ ನೋಡಿ. ಹನ್ನೆರಡು ಫಾರ್ವರ್ಡ್‌ಗಳು, ಮೂವರಂತೆ ನಾಲ್ಕು ಲೈನ್. ಇವನು ನಾಲ್ಕನೆಯದರಲ್ಲಿ. ಪಕ್ಕದವರಲ್ಲಿ ಒಬ್ಬ ಗುದ್ದುವುದಕ್ಕೆ ಹೆಸರಾದವನು, ಇನ್ನೊಬ್ಬ ಎದುರಾಳಿಯ ಹೊಡೆತಕ್ಕೆ ಮೈಯೊಡ್ಡುವುದಕ್ಕೆ. ಕೋಚ್ ಆ ಮೂವರಿಗೆ ಹೇಳಿರುವುದು ಇಷ್ಟೇ: ಪಕ್ಕನ್ನು ಎದುರಾಳಿಯ ಮೂಲೆಗೆ ಎಸೆಯಿರಿ, ಬೆನ್ನಟ್ಟಿ ಹೋಗಿ, ಯಾವ ಕಾರಣಕ್ಕೂ ಗೋಲು ಬಿಟ್ಟುಕೊಡಬೇಡಿ. ನಲವತ್ತು ಸೆಕೆಂಡ್ ಮೂಲೆಯಲ್ಲಿ ತಳ್ಳಾಡಿ, ಏದುಸಿರು ಬಿಡುತ್ತ ಬೆಂಚಿಗೆ ಮರಳುತ್ತಾನೆ. ಆಮೇಲೆ ಐದಾರು ನಿಮಿಷ ಕಾಲು ತಣ್ಣಗಾಗುವವರೆಗೆ ಕೂರುತ್ತಾನೆ. ಪವರ್ ಪ್ಲೇ ಬಂದಾಗ ನೀರಿನ ಬಾಟಲಿ ಹಿಡಿದು ನೋಡುತ್ತಾನೆ, ಏಕೆಂದರೆ ಟ್ಯಾಂಪಾದಲ್ಲಿ ಅವನು ನಿಲ್ಲಬೇಕಾದ ಎರಡು ವೃತ್ತಗಳಲ್ಲಿ ಆಗ ಸ್ಟೀವನ್ ಸ್ಟ್ಯಾಮ್‌ಕೋಸ್ ಮತ್ತು ನಿಕಿತಾ ಕುಚೆರೊವ್ ನಿಂತಿರುತ್ತಿದ್ದರು. ಕುಚೆರೊವ್ 2018-19ರಲ್ಲಿ 128 ಪಾಯಿಂಟ್ ಗಳಿಸಿದವರು. ಅವರನ್ನು ಸರಿಸಿ ಹೊಸಬನನ್ನು ನಿಲ್ಲಿಸಿ ಎಂದು ಕೇಳುವಷ್ಟು ಹುಚ್ಚು ನನಗೂ ಇಲ್ಲ. ಆದರೆ ಆ ಜಾಗ ಕೊಡಲಾಗದಿದ್ದರೆ, ಆ ಜಾಗದ ಕೆಲಸವನ್ನೂ ಅವನಿಂದ ಅಳೆಯಬೇಡಿ.

ಕರ್ನಾಟಕದಲ್ಲಿರುವ ಓದುಗರಿಗೆ ಇದು ಅರ್ಥವಾಗಬೇಕಾದರೆ ಕರುಣ್ ನಾಯರ್ ಅವರನ್ನು ನೆನೆದರೆ ಸಾಕು. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಅಜೇಯ 303, ಮರುವರ್ಷವೇ ತಂಡದಿಂದ ಹೊರಗೆ, ಮತ್ತೆ ಟೆಸ್ಟ್ ಆಡಲು 2025ರವರೆಗೆ ಕಾಯುವಿಕೆ. ಸಾಕಷ್ಟು ಅವಕಾಶ ಸಿಕ್ಕಿತೇ ಇಲ್ಲವೇ ಎಂದು ನಾವು ಈಗಲೂ ಜಗಳವಾಡುತ್ತೇವೆ. ಆದರೂ ಅವರನ್ನು ಆಡಿಸಿದ್ದು ಬ್ಯಾಟ್ಸ್‌ಮನ್ ಎಂದೇ. ನೀವು ಮಾಡುವುದು ರಣಜಿಯಲ್ಲಿ ಸಾವಿರ ರನ್ ಹೊಡೆದವನನ್ನು ಹತ್ತನೇ ಕ್ರಮಾಂಕದಲ್ಲಿ ಇಳಿಸಿ, ‘ನೋಡಿ, ರನ್ ಬರಲೇ ಇಲ್ಲ’ ಎಂದು ವರದಿ ಬರೆದಂತೆ.

ಲೆಕ್ಕವನ್ನೂ ಹಾಕೋಣ, ನಿಮ್ಮ ಬಳಿ ಲೆಕ್ಕ ಮಾಡುವ ಇಲಾಖೆಗಳೇ ಇವೆಯಲ್ಲ. ಪಂದ್ಯಕ್ಕೆ ಒಂಬತ್ತು ನಿಮಿಷದಂತೆ ಹತ್ತು ಪಂದ್ಯ ಆಡಿದರೆ ತೊಂಬತ್ತು ನಿಮಿಷ. ಒಂದು ಪಂದ್ಯಕ್ಕೆ ಅರವತ್ತು ನಿಮಿಷ. ಅಂದರೆ ಒಂದೂವರೆ ಪಂದ್ಯ ನೋಡಿ ಒಬ್ಬನ ಹಣೆಬರಹ ಬರೆಯುತ್ತೀರಿ. ನಾಲ್ಕನೇ ಲೈನಿನಲ್ಲಿ ಪಂದ್ಯಕ್ಕೆ ಒಂದು ಹೊಡೆತ ಸಿಕ್ಕರೆ ಹೆಚ್ಚು. ಎನ್‌ಎಚ್‌ಎಲ್‌ನಲ್ಲಿ ಗುರಿಯತ್ತ ಹೋದ ಹತ್ತು ಹೊಡೆತಗಳಲ್ಲಿ ಗೋಲಾಗುವುದು ಹೆಚ್ಚು ಕಡಿಮೆ ಒಂದು. ಹಾಗಿದ್ದ ಮೇಲೆ ಹತ್ತು ಪಂದ್ಯದಲ್ಲಿ ಒಂದು ಗೋಲು ಹೊಡೆದವನಿಗೂ ಸೊನ್ನೆ ಹೊಡೆದವನಿಗೂ ಇರುವ ಅಂತರ ಗೋಲುಕಂಬದ ಒಂದು ಅಂಗುಲ. ಸೊನ್ನೆಯವನು ಮರುದಿನ ಬಸ್ಸಿನಲ್ಲಿರುತ್ತಾನೆ.

ವರ್ಹೇಗಿಯವರ ಕಥೆ ನಿಮಗೆ ಗೊತ್ತಿದ್ದರೂ ಹೇಳುತ್ತೇನೆ, ಏಕೆಂದರೆ ನೀವು ಅದನ್ನು ಅಪವಾದವೆಂದು ಪಕ್ಕಕ್ಕಿಟ್ಟಿದ್ದೀರಿ. 2013ರಲ್ಲಿ ಟೊರಾಂಟೊ ಆಯ್ಕೆ ಮಾಡಿ ಬಿಟ್ಟುಕೊಟ್ಟಿತು. ನ್ಯೂಯಾರ್ಕ್ ಐಲ್ಯಾಂಡರ್ಸ್ ಪಾಲಾಗಿ, ಅಲ್ಲಿಂದ ಎಎಚ್‌ಎಲ್‌ಗೂ ಕೆಳಗಿನ ಇಸಿಎಚ್‌ಎಲ್ ತನಕ ಇಳಿದರು. ಟ್ಯಾಂಪಾಗೆ ಬಂದು, ಸಿರಾಕ್ಯೂಸಿನಲ್ಲಿ ಲೀಗಿಗೇ ಮೊದಲಿಗರಾಗಿ, 2019-20ರಲ್ಲಿ ಮೇಲೆ 52 ಪಂದ್ಯ ಆಡಿದರು. ಪಂದ್ಯಕ್ಕೆ ಸರಾಸರಿ ಒಂಬತ್ತು ನಿಮಿಷದ ಆಸುಪಾಸು. ಗೋಲು ಒಂಬತ್ತು. ತಂಡ ಕಪ್ ಗೆದ್ದಿತು. ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ ಕುತ್ತಿಗೆ ಹಿಡಿದಿದ್ದರಿಂದ ಇವರಿಗೆ ಹೊಸ ಒಪ್ಪಂದವನ್ನೇ ಕೊಡಲಿಲ್ಲ. ಫ್ಲಾರಿಡಾ ವರ್ಷಕ್ಕೆ ಹತ್ತು ಲಕ್ಷ ಡಾಲರಿಗೆ ಎತ್ತಿಕೊಂಡು, ಮೊದಲ ಲೈನಿನಲ್ಲಿ ಅಲೆಕ್ಸಾಂಡರ್ ಬಾರ್ಕೊವ್ ಪಕ್ಕ ನಿಲ್ಲಿಸಿತು. ಆಡುವ ಸಮಯ ಸರಿಸುಮಾರು ಎರಡರಷ್ಟಾಯಿತು. 43 ಪಂದ್ಯಕ್ಕೆ 18 ಗೋಲು. 2022-23ರಲ್ಲಿ 42 ಗೋಲು. ಅದೇ ವರ್ಷ 65 ಪಂದ್ಯ ಗೆದ್ದು ಬೀಗುತ್ತಿದ್ದ ಬಾಸ್ಟನ್ ತಂಡವನ್ನು ಪ್ಲೇಆಫ್, ಅಂದರೆ ಕಪ್ಪಿಗಾಗಿ ನಡೆಯುವ ನಾಕೌಟ್ ಸರಣಿಯ ಏಳನೇ ಪಂದ್ಯದ ಹೆಚ್ಚುವರಿ ಸಮಯದಲ್ಲಿ ಮನೆಗೆ ಕಳಿಸಿದ ಗೋಲು ಇವರದೇ. 2024ರ ಫೈನಲಿನ ಏಳನೇ ಪಂದ್ಯದಲ್ಲಿ ಮೊದಲ ಗೋಲೂ ಇವರದೇ.

ಆ ಬಾರ್ಕೊವ್ ಪಕ್ಕದ ಜಾಗಕ್ಕೆ ಇನ್ನೊಂದು ಹಿನ್ನೆಲೆಯಿದೆ. 2016ರಲ್ಲಿ ಜೊನಾಥನ್ ಮಾರ್ಷಸೋ ಎಂಬ ಗಿಡ್ಡ ಆಟಗಾರ ಫ್ಲಾರಿಡಾಗೆ ಬಂದರು. ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಯಾವ ತಂಡವೂ ಆರಿಸದವರು. ಎಎಚ್‌ಎಲ್‌ನಲ್ಲಿ ವರ್ಷಗಟ್ಟಲೆ ಪಾಯಿಂಟ್ ರಾಶಿ ಹಾಕಿದವರು. ಹಿಂದಿನ ವರ್ಷ ಟ್ಯಾಂಪಾದಲ್ಲಿ ಏಳು ಗೋಲು ಹೊಡೆದು ಹೊರಬಿದ್ದವರು. ಹೌದು, ಇಲ್ಲೂ ಟ್ಯಾಂಪಾ. ಋತುವಿನ ಆರಂಭದಲ್ಲಿ ಜೊನಾಥನ್ ಹ್ಯೂಬರ್ಡೊ ಗಾಯಗೊಂಡರು. ಬಾರ್ಕೊವ್ ಮತ್ತು ಯಾರೊಮಿರ್ ಯಾಗರ್ ಜೊತೆ ಜಾಗ ಖಾಲಿಯಾಯಿತು. ಮಾರ್ಷಸೋ 30 ಗೋಲು ಹೊಡೆದರು. ಫ್ಲಾರಿಡಾಗೆ ಆಗಲೂ ನಂಬಿಕೆ ಬರಲಿಲ್ಲ. 2017ರಲ್ಲಿ ಹೊಸ ತಂಡ ವೇಗಸ್‌ಗೆ ಬಿಟ್ಟುಕೊಟ್ಟಿತು. 2023ರಲ್ಲಿ ವೇಗಸ್ ಕಪ್ ಗೆದ್ದಾಗ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಅವರೇ. ಸೋತು ಎದುರಿಗೆ ನಿಂತಿದ್ದ ತಂಡ ಯಾವುದೆಂದು ಬೇರೆ ಹೇಳಬೇಕೇ? ಫ್ಲಾರಿಡಾ.

ಇಬ್ಬರಿಗೂ ಬಾಗಿಲು ತೆರೆದದ್ದು ನಿಮ್ಮ ಸ್ಕೌಟ್‌ಗಳ ಕಣ್ಣಲ್ಲ. ಒಬ್ಬರಿಗೆ ಬೇರೆಯವರ ಗಾಯ, ಇನ್ನೊಬ್ಬರಿಗೆ ಹಳೆಯ ತಂಡದ ಹಣದ ಮುಗ್ಗಟ್ಟು.

ಬಾರೆ-ಬುಲೆಯವರಿಗೆ ಅಂಥ ಅದೃಷ್ಟ ಬರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಟ್ಯಾಂಪಾ ಅವರನ್ನು ವೇವರ್ಸ್‌ಗೆ ಬಿಟ್ಟಿತು; ಅಂದರೆ 24 ಗಂಟೆಯೊಳಗೆ ಬೇಕಾದವರು ತೆಗೆದುಕೊಳ್ಳಬಹುದು. ಸಿಯಾಟಲ್ ತೆಗೆದುಕೊಂಡಿತು, ಎರಡು ಪಂದ್ಯ ಆಡಿಸಿತು, ಮತ್ತೆ ವೇವರ್ಸ್‌ಗೆ ಬಿಟ್ಟಿತು, ಟ್ಯಾಂಪಾ ಮರಳಿ ಪಡೆಯಿತು. ಖಂಡದ ಈ ತುದಿಯಿಂದ ಆ ತುದಿಗೆ ಹೋಗಿ ಬಂದವನ ಬಗ್ಗೆ ಎರಡು ಪಂದ್ಯದಲ್ಲಿ ಸಿಯಾಟಲ್ ಏನು ಕಂಡುಕೊಂಡಿತು ಎಂಬುದು ನನಗೆ ಇಂದಿಗೂ ಒಗಟು.

ಇಷ್ಟು ಹೇಳಿದ ಮೇಲೆ ನಿಮ್ಮ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಎಎಚ್‌ಎಲ್‌ನ ಗೋಲುಗಳೆಲ್ಲ ಮೇಲೆ ಚಲಾವಣೆಯಾಗುವುದಿಲ್ಲ. ಕೆಳಗಿನ ಒಂದು ಪಾಯಿಂಟಿನ ಬೆಲೆ ಮೇಲೆ ಅರ್ಧಕ್ಕಿಂತ ಕಡಿಮೆ ಎಂದು ಲೆಕ್ಕ ಮಾಡಿದವರಿದ್ದಾರೆ, ನನ್ನ ಕಣ್ಣೂ ಅದನ್ನೇ ಹೇಳುತ್ತದೆ. ಮೇಲಿನ ಡಿಫೆನ್ಸ್ ಆಟಗಾರ ಆ ಒಂದೂವರೆ ಕ್ಷಣ ಕೊಡುವುದಿಲ್ಲ. ಪಕ್ ಬರುವುದಕ್ಕೂ ಅವನ ಕೋಲು ಬರುವುದಕ್ಕೂ ಸರಿಹೋಗುತ್ತದೆ. ಗೋಲ್‌ಕೀಪರ್‌ಗಳು ಅಡ್ಡಲಾಗಿ ಜಾರುವ ವೇಗವೇ ಬೇರೆ. ಕಾಲಿನಲ್ಲಿ ಒಂದು ಹೆಜ್ಜೆಯ ಕೊರತೆಯಿದ್ದವನು ಕೆಳಗೆ ತಲೆಯಿಂದ ತುಂಬಿಸಿಕೊಳ್ಳಬಹುದು, ಮೇಲೆ ಸಾಧ್ಯವಿಲ್ಲ.

ಅಲೆಕ್ಸಾಂಡ್ರೆ ಜಿರೂ 2008-09ರಲ್ಲಿ ಹರ್ಷಿ ಬೇರ್ಸ್‌ಗಾಗಿ 60 ಗೋಲು ಹೊಡೆದರು, ಮರುವರ್ಷ 50. ಎರಡೂ ವರ್ಷ ಹರ್ಷಿ ಎಎಚ್‌ಎಲ್‌ನ ಪ್ರಶಸ್ತಿಯಾದ ಕ್ಯಾಲ್ಡರ್ ಕಪ್ ಗೆದ್ದಿತು. ಎನ್‌ಎಚ್‌ಎಲ್‌ನಲ್ಲಿ ಅವರದು 48 ಪಂದ್ಯ, 6 ಗೋಲು. ಎಡ ವಿಂಗಿನ ಆ ಆಟಗಾರನ ದುರದೃಷ್ಟಕ್ಕೆ ವಾಷಿಂಗ್ಟನ್ನಿನ ಎಡ ವಿಂಗಿನಲ್ಲಿ 2008-09ರಲ್ಲೇ 56 ಗೋಲು ಹೊಡೆದು ಎನ್‌ಎಚ್‌ಎಲ್‌ಗೇ ಮೊದಲಿಗರಾದ ಅಲೆಕ್ಸಾಂಡರ್ ಒವೆಚ್‌ಕಿನ್ ಇದ್ದರು. ಜಿರೂ ಮೇಲೆ ನಿಲ್ಲುತ್ತಿದ್ದರೇ? ನನ್ನ ಅಂದಾಜು, ಇಲ್ಲ. ಹರ್ಷಿಯ ಆ ತಂಡದಲ್ಲಿದ್ದ ಕೀತ್ ಆಕೊಯಿನ್ ಬಗ್ಗೆ ನನಗೆ ಅಷ್ಟು ಖಚಿತವಿಲ್ಲ. ಕಾಲೇಜು ಹಾಕಿಯ ಮೂರನೇ ದರ್ಜೆಯಿಂದ ಬಂದು, 2009-10ರಲ್ಲಿ 106 ಪಾಯಿಂಟ್ ಗಳಿಸಿ ಲೀಗಿನ ಶ್ರೇಷ್ಠ ಆಟಗಾರರಾದವರು. ಮೇಲೆ 145 ಪಂದ್ಯದಲ್ಲಿ 17 ಗೋಲು. ಚಿಕಾಗೊ ವುಲ್ವ್ಸ್‌ನ ಡ್ಯಾರೆನ್ ಹೇಡಾರ್ 2006-07ರಲ್ಲಿ ಸತತ 39 ಪಂದ್ಯಗಳಲ್ಲಿ ಪಾಯಿಂಟ್ ಗಳಿಸಿ, ಒಟ್ಟು 122ಕ್ಕೆ ಮುಟ್ಟಿದರು. ಅವರಿಗೆ ಮೇಲೆ ಸಿಕ್ಕಿದ್ದು ಇಡೀ ವೃತ್ತಿಜೀವನದಲ್ಲಿ 23 ಪಂದ್ಯ. ಅದರಲ್ಲೂ ಒಂದು ಗೋಲು, ಏಳು ಅಸಿಸ್ಟ್. ಮೂರು ಪಂದ್ಯಕ್ಕೊಂದು ಪಾಯಿಂಟ್ ಬರುತ್ತಿದ್ದವನನ್ನು 24ನೆಯ ಪಂದ್ಯಕ್ಕೆ ಬೇಡವೆನ್ನಲು ಕಾರಣವೇನಿತ್ತೋ. ಇನ್ನೂ ಹಿಂದೆ ಹೋದರೆ ಡಾನ್ ಬಿಗ್ಸ್: 1992-93ರಲ್ಲಿ ಬಿಂಗ್‌ಹ್ಯಾಮ್ಟನ್‌ಗೆ 138 ಪಾಯಿಂಟ್, ಎಎಚ್‌ಎಲ್‌ನ ದಾಖಲೆ. ಎನ್‌ಎಚ್‌ಎಲ್ ಪಂದ್ಯ ಹನ್ನೆರಡು.

ಇವರಲ್ಲಿ ಎಷ್ಟು ಜನ ನಿಜವಾಗಿ ಅಲ್ಲಿಗೆ ಸಲ್ಲದವರು, ಎಷ್ಟು ಜನ ತಪ್ಪು ಕೆಲಸಕ್ಕೆ ಹಚ್ಚಿ ಕಳೆದುಕೊಂಡವರು? ನನಗೆ ಗೊತ್ತಿಲ್ಲದಿರುವುದು ಸಹಜ, ನಾನು ಪ್ರೇಕ್ಷಕ. ನಿಮಗೂ ಗೊತ್ತಿಲ್ಲದಿರುವುದೇ ನನ್ನ ದೂರು. ನಿಮ್ಮ ಪರೀಕ್ಷೆಯಲ್ಲಿ ಜಿರೂ ಮತ್ತು ವರ್ಹೇಗಿ ಇಬ್ಬರೂ ನಪಾಸು.

ಕೆಲವರಿಗೆ ಮಾತ್ರ ಎರಡನೆಯ, ಮೂರನೆಯ, ನಾಲ್ಕನೆಯ ಅವಕಾಶ ಸಿಗುವುದನ್ನೂ ನೋಡುತ್ತೇವೆ. ಡ್ರಾಫ್ಟಿನ ಮೊದಲ ಸುತ್ತಿನಲ್ಲಿ ಬಂದವನು ನಲವತ್ತು ಪಂದ್ಯ ಗೋಲಿಲ್ಲದೆ ಕಳೆದರೂ ‘ಬೆಳೆಯುತ್ತಿದ್ದಾನೆ’. ಹೇಡಾರ್ 1999ರಲ್ಲಿ ಆಯ್ಕೆಯಾದದ್ದು 248ನೆಯವರಾಗಿ, ಅದೇ ವರ್ಷ ಜಿರೂ 213ನೆಯವರಾಗಿ. ಆಕೊಯಿನ್, ಮಾರ್ಷಸೋ, ಬಾರೆ-ಬುಲೆ ಮೂವರನ್ನೂ ಯಾರೂ ಆರಿಸಲಿಲ್ಲ. ಮೊದಲ ಸುತ್ತಿನವನು ಸೋತರೆ ನಿಮ್ಮ ಆಯ್ಕೆ ಸೋತಂತೆ. ಇವರು ಸೋತರೆ ಯಾರ ಮುಖಕ್ಕೂ ಮಸಿ ಇಲ್ಲ. ಅವಕಾಶದ ಹಂಚಿಕೆ ನಡೆಯುವುದು ಈ ಲೆಕ್ಕದ ಮೇಲೆ ಎಂದು ನನಗೆ ಬಲವಾದ ಗುಮಾನಿ.

ಕೆಳಗೂ ಜಾಗ ಶಾಶ್ವತವಲ್ಲ. ಎಎಚ್‌ಎಲ್ ನಿಯಮದಂತೆ ಗೋಲ್‌ಕೀಪರ್‌ಗಳನ್ನು ಬಿಟ್ಟು ಆಡುವ 18 ಜನರಲ್ಲಿ 13 ಮಂದಿ ಕಡಿಮೆ ಅನುಭವದವರೇ ಇರಬೇಕು. ಅವರಲ್ಲಿ 12 ಮಂದಿ 260 ವೃತ್ತಿಪರ ಪಂದ್ಯಗಳನ್ನು ಮೀರಿರಬಾರದು, ಒಬ್ಬನಿಗೆ 320ರವರೆಗೆ ವಿನಾಯಿತಿ. ಹುಡುಗರು ಬೆಳೆಯಲೆಂದು ಮಾಡಿದ ನಿಯಮ, ತಪ್ಪಿಲ್ಲ. ಆದರೆ ಮೇಲೂ ನಿಲ್ಲದೆ ಕೆಳಗೂ ಹಳಬನಾದವನಿಗೆ ಉಳಿಯುವುದು ಐದೇ ಕುರ್ಚಿ. ಆಮೇಲೆ ಸಮುದ್ರ ದಾಟಬೇಕು. ಆಕೊಯಿನ್, ಹೇಡಾರ್, ಕ್ರಿಸ್ ಬೋರ್ಕ್ ಮೂವರೂ ಬೇರೆ ಬೇರೆ ವರ್ಷಗಳಲ್ಲಿ ಜರ್ಮನಿಯ ಮ್ಯೂನಿಕ್ ತಂಡಕ್ಕೆ ಆಡಿದರು. ಬೋರ್ಕ್ ಎಂದರೆ ದಂತಕಥೆ ರೇ ಬೋರ್ಕ್ ಅವರ ಮಗ. 2015-16ರಲ್ಲಿ ಎಎಚ್‌ಎಲ್‌ನ ಶ್ರೇಷ್ಠ ಆಟಗಾರ. ಅಷ್ಟು ದೊಡ್ಡ ಹೆಸರಿದ್ದೂ ಎನ್‌ಎಚ್‌ಎಲ್‌ನಲ್ಲಿ 51 ಪಂದ್ಯ, ಎರಡು ಗೋಲು. ಎಎಚ್‌ಎಲ್‌ನ ಮೂವರು ಶ್ರೇಷ್ಠ ಆಟಗಾರರನ್ನು ಕಂಡ ಭಾಗ್ಯ ಮ್ಯೂನಿಕ್ ಪ್ರೇಕ್ಷಕರದು.

ಹಾಗಾದರೆ ಸರಿಯಾಗಿ ಮಾಡಿದವರೇ ಇಲ್ಲವೇ? ಇದ್ದಾರೆ, ತಮಾಷೆಯೆಂದರೆ ಅದೂ ಟ್ಯಾಂಪಾ. ಕ್ಯಾಲ್ಗರಿ 2000ದಲ್ಲಿ ಕೈಬಿಟ್ಟ ಮಾರ್ಟಿನ್ ಸೇಂಟ್ ಲೂಯಿಯವರನ್ನು ಕರೆತಂದು, ಕಸದಿಂದ ರಸ ತೆಗೆದಂತೆ, 2003-04ರಲ್ಲಿ ಲೀಗಿನ ಶ್ರೇಷ್ಠ ಆಟಗಾರನನ್ನೂ ಸ್ಟಾನ್ಲಿ ಕಪ್ಪನ್ನೂ ಪಡೆದ ತಂಡ ಅದು. 2013ರ ಮಾರ್ಚ್‌ನಲ್ಲಿ ಅದು ಸಿರಾಕ್ಯೂಸಿನ ಕೋಚ್ ಜಾನ್ ಕೂಪರ್ ಅವರನ್ನೇ ಮೇಲಕ್ಕೆ ಕರೆಸಿಕೊಂಡಿತು. ಆ ವರ್ಷ ಎಎಚ್‌ಎಲ್‌ನ ಶ್ರೇಷ್ಠ ಆಟಗಾರರಾಗಿದ್ದ ಟೈಲರ್ ಜಾನ್ಸನ್, ಡ್ರಾಫ್ಟಿನಲ್ಲಿ ಯಾರಿಗೂ ಬೇಡವಾದ ಐದಡಿ ಎಂಟಂಗುಲದ ಹುಡುಗ, ಕೂಪರ್ ಕೈಯಲ್ಲೇ ಪಳಗಿದವರು. ಇವನು ಎಲ್ಲಿ ನಿಂತರೆ ಏನು ಮಾಡುತ್ತಾನೆಂದು ಕೋಚಿಗೆ ಗೊತ್ತಿತ್ತು. ಮರುವರ್ಷ ಜಾನ್ಸನ್ 24 ಗೋಲು ಹೊಡೆದರು. 2015ರಲ್ಲಿ ಪಲಾಟ್ ಮತ್ತು ಕುಚೆರೊವ್ ಜೊತೆಗೂಡಿ ತಂಡವನ್ನು ಫೈನಲ್‌ಗೆ ಒಯ್ದರು. ಬದಲಾಗಿದ್ದು ಇಷ್ಟೇ, ಆಟಗಾರನನ್ನು ಬಲ್ಲವನೊಬ್ಬ ಆಡಿಸುವ ಜಾಗದಲ್ಲಿದ್ದ.

ಈಗ ಬೇಡಿಕೆ. ಗೋಲು ಹೊಡೆಯುವವನನ್ನು ಮೇಲಕ್ಕೆ ಕರೆದರೆ ಸತತವಾಗಿ ಹದಿನೈದು ಪಂದ್ಯ ಎರಡನೇ ಲೈನಿನಲ್ಲೂ ಎರಡನೇ ಪವರ್ ಪ್ಲೇಯಲ್ಲೂ ಇಡಿ. ಅಷ್ಟು ಧೈರ್ಯ ನಿಮ್ಮ ಕೋಚಿಗೆ ಇಲ್ಲದಿದ್ದರೆ ಅವನನ್ನು ಕರೆಯಲೇಬೇಡಿ. ಮೂಲೆಯಲ್ಲಿ ತಳ್ಳಾಡುವುದರಲ್ಲೇ ನಿಪುಣರಾದವರು ನಿಮ್ಮ ಕೆಳಗಿನ ತಂಡದಲ್ಲೇ ಇದ್ದಾರೆ, ನಾಲ್ಕನೇ ಲೈನ್ ಅವರ ಹಕ್ಕು. ಕೆಳಗೆ ಕಳಿಸುವಾಗ ಕಾರಣವನ್ನು ಒಂದು ಪುಟದಲ್ಲಿ ಬರೆದುಕೊಡಿ: ಕಾಲಿನ ವೇಗವೋ, ಹಿಂದಿರುಗಿ ತನ್ನ ಗೋಲನ್ನು ಕಾಯುವುದರಲ್ಲಿ ಆಲಸ್ಯವೋ, ಹೊಡೆತ ತಡವೋ. ‘ಇನ್ನಷ್ಟು ಸ್ಥಿರತೆ ಬೇಕು’ ಎಂಬ ಸಾಲು ಬೇಡ, ಅದನ್ನು ಪಂಚಾಂಗ ನೋಡಿಯೂ ಹೇಳಬಹುದು.

ಇನ್ನೊಂದು ನಿಯಮದ ಮಾತು. ಸದ್ಯ 25 ವರ್ಷ ತುಂಬಿ, ಮೂರು ವೃತ್ತಿಪರ ಋತುಗಳಾದ ಮೇಲೂ 80 ಎನ್‌ಎಚ್‌ಎಲ್ ಪಂದ್ಯ ಆಡಿರದ ಆಟಗಾರ ಒಪ್ಪಂದ ಮುಗಿದಾಗ ತನಗೆ ಬೇಕಾದಲ್ಲಿಗೆ ಹೋಗಬಹುದು. 25 ಎಂದರೆ ಈ ಆಟದಲ್ಲಿ ಅರ್ಧ ಆಯುಸ್ಸು. ಎಎಚ್‌ಎಲ್‌ನಲ್ಲಿ ಒಂದು ಋತುವಿನ ಮೊದಲ ಹತ್ತು ಪಾಯಿಂಟ್ ಗಳಿಕೆದಾರರಲ್ಲಿ ಒಬ್ಬನಾದವನಿಗೆ ಮುಂದಿನ ಋತುವಿನಲ್ಲಿ 20 ಪಂದ್ಯವನ್ನಾದರೂ ನೀವು ಆಡಿಸದಿದ್ದರೆ, ವಯಸ್ಸು ಎಷ್ಟೇ ಇರಲಿ, ಆ ಬೇಸಿಗೆಯಲ್ಲೇ ಅವನನ್ನು ಬಿಟ್ಟುಬಿಡಬೇಕೆಂದು ನಿಯಮ ತಿದ್ದಿ. ಅವನಿಂದ ಆಗದು ಎಂದು ನಿಮಗೆ ಅಷ್ಟು ಖಾತ್ರಿಯಿದ್ದರೆ ಬಿಟ್ಟುಕೊಡುವುದರಲ್ಲಿ ನಷ್ಟವೇನು? ಕೊಡಲು ಮನಸ್ಸು ಬಾರದಿದ್ದರೆ ನಿಮಗೇ ಖಾತ್ರಿಯಿಲ್ಲ ಎಂದಾಯಿತು, ಹಾಗಿದ್ದರೆ ಆಡಿಸಿ.

ಇಂತಿ,
ಸಿರಾಕ್ಯೂಸ್ ಕ್ರಂಚ್ ತಂಡದ ಒಬ್ಬ ಪ್ರೇಕ್ಷಕ

ಪ್ರತಿ: ಎನ್‌ಎಚ್‌ಎಲ್ ಆಟಗಾರರ ಸಂಘ, ಟೊರಾಂಟೊ. ಕೊನೆಯ ಬೇಡಿಕೆಯನ್ನು ನಿಮ್ಮ ಮುಂದಿನ ಮಾತುಕತೆಯ ಪಟ್ಟಿಗೆ ಸೇರಿಸಿಕೊಳ್ಳಬೇಕಾಗಿ ವಿನಂತಿ.